ನಾಲ್ಕು ಸಾಲಿನ ಕವಿ ಪರಿಚಯ

ನಮ್ಮ ಆಫೀಸಿನಲ್ಲಿ ಮೊದಲು ಅಲಂಕಾರ, ಆಮೇಲೆ ಪದ್ಯ. ಉಪಮೆಗೆ ಮೂರು, ರೂಪಕಕ್ಕೆ ಮೂರು, ಪ್ರಾಸಕ್ಕೆ ಎರಡು, ಸಂಕೇತಕ್ಕೆ ಎರಡು ಎಂದು ಯಜಮಾನರು ಚೀಟಿಯಲ್ಲಿ ಬರೆದು ಕಳಿಸುತ್ತಿದ್ದರು. ಆ ಸಂಖ್ಯೆಗೆ ಸರಿಯಾಗಿ ಪದ್ಯ ಹೊಸೆದುಕೊಡುವುದು ನನ್ನ ಕೆಲಸ.

ನಾವು ತಯಾರಿಸುತ್ತಿದ್ದದ್ದು ಶಾಲಾ ಪರೀಕ್ಷೆಯ ಗೈಡುಗಳನ್ನು. ಸಾಹಿತ್ಯದ ಪರಿಭಾಷೆಯ ಗೈಡು ಅವುಗಳಲ್ಲಿ ಹೆಚ್ಚು ಖರ್ಚಾಗುತ್ತಿತ್ತು. ಉಪಮೆ ಎಂದರೇನು, ರೂಪಕ ಎಂದರೇನು, ಕಥೆಯ ನಿರೂಪಕ ಯಾರು, ಸಂಘರ್ಷ ಎಲ್ಲಿದೆ, ಹೀಗೆ ಪ್ರತಿಯೊಂದಕ್ಕೂ ಒಂದು ವ್ಯಾಖ್ಯೆ, ಒಂದು ಉದಾಹರಣೆ, ಅದರ ಕೆಳಗೆ ‘ಗುರುತಿಸುವ ಉಪಾಯ’ ಎಂಬ ಸಣ್ಣ ಚೌಕ. ನಾನು ಬರುವ ಮೊದಲು ಉದಾಹರಣೆಗೆ ನಿಜವಾದ ಕವಿಗಳ ಸಾಲುಗಳನ್ನೇ ಹಾಕುತ್ತಿದ್ದರಂತೆ. ಒಂದು ಸಲ ಯಾರೋ ಕವಿಯ ಮಗ ವಕೀಲರಿಂದ ನೋಟಿಸು ಕೊಡಿಸಿದ. ಗೋದಾಮಿನಲ್ಲಿದ್ದ ಅಷ್ಟೂ ಪ್ರತಿಗಳಿಂದ ಎರಡೆರಡು ಹಾಳೆ ಕೈಯಲ್ಲೇ ಹರಿಯಬೇಕಾಯಿತು. ಅಂದಿನಿಂದ ಕಾನೂನು ಬದಲಾಯಿತು. ಬದುಕಿರುವ ಕವಿ ಬೇಡ, ಮಕ್ಕಳನ್ನು ಬಿಟ್ಟು ಸತ್ತ ಕವಿಯೂ ಬೇಡ.

“ಹಾಸ್ಟೆಲ್ ಲೈಬ್ರರಿ ಪೂರ್ತಿ ಓದಿ ಮುಗಿಸಿದೀನಿ ಅಂತ ನೀನೇ ಹೇಳ್ದೆಯಲ್ಲಮ್ಮ,” ಎಂದಿದ್ದರು ಯಜಮಾನರು, ನಾನು ಸೇರಿದ ದಿನ. “ನಾಲ್ಕು ಸಾಲು ಹೊಸೆಯೋಕೆ ಏನು ಮಹಾ ಕಷ್ಟ?”

ಅದೇ ದಿನ ಪರಿಶೀಲನೆಗೆಂದು ನನ್ನ ಮೂಲ ಅಂಕಪಟ್ಟಿಗಳನ್ನೂ ಪದವಿ ಪ್ರಮಾಣಪತ್ರಗಳನ್ನೂ ತೆಗೆದುಕೊಂಡರು. ಪರಿಶೀಲನೆ ಮುಗಿಯಲೇ ಇಲ್ಲ. ಎರಡು ವರ್ಷ ಕೆಲಸ ಬಿಡುವುದಿಲ್ಲ ಎಂಬ ಕಾಗದಕ್ಕೆ ಸಹಿ ಹಾಕಿಸಿಕೊಂಡು, ನನ್ನ ಫೈಲನ್ನು ತಮ್ಮ ಕುರ್ಚಿಯ ಹಿಂದಿನ ಕಬ್ಬಿಣದ ಬೀರುವಿನಲ್ಲಿ ಇಟ್ಟರು. ಅದರ ಬೀಗದ ಕೈ ಅವರ ಬೆಲ್ಟಿಗೆ ಸಿಕ್ಕಿಸಿದ ಕೊಂಡಿಯಲ್ಲಿ ತೂಗುತ್ತಿತ್ತು. ನಡೆದಾಗ ತೊಡೆಗೆ ಬಡಿಯುತ್ತಿತ್ತು. ಆ ಸದ್ದು ಕೇಳಿಯೇ ಅವರು ಯಾವ ಕೋಣೆಯಲ್ಲಿದ್ದಾರೆ ಎಂದು ನಾವು ಹೇಳುತ್ತಿದ್ದೆವು.

ನಾವೆಂದರೆ ಮೂರು ಜನ. ಪುಟ ಜೋಡಿಸುವ ಅಕ್ಕ, ಪ್ರೂಫ್ ನೋಡುವ ಮೇಷ್ಟ್ರು, ನಾನು. ಅಕ್ಕನಿಗೆ ನನಗಿಂತ ಹದಿನೈದು ವರ್ಷ ಹೆಚ್ಚು ವಯಸ್ಸು, ಕೀಲಿಮಣೆಯ ಮೇಲೆ ಕಣ್ಣಿಡದೆ ಟೈಪು ಮಾಡುತ್ತ ಯಾರ ಮೇಲಾದರೂ ರೇಗಬಲ್ಲವಳು. ಮೇಷ್ಟ್ರು ಯಾವುದೋ ಶಾಲೆಯಿಂದ ನಿವೃತ್ತರಾಗಿ ಇಲ್ಲಿ ಹನ್ನೊಂದು ವರ್ಷದಿಂದ ಕೂತವರು. ಎರಡು ಕನ್ನಡಕ, ಒಂದು ಕೆಂಪು ಪೆನ್ನು. ಮುದ್ರಣಾಲಯದ ಮೇಲಿನ ಮೂರು ಕೋಣೆಗಳಲ್ಲಿ ಹಿಂದಿನದು ನನ್ನದು. ಮೂರು ಗೋಡೆಗಳ ಉದ್ದಕ್ಕೂ ಕಾಗದದ ರೀಮುಗಳು, ನಾಲ್ಕನೆಯದರಲ್ಲಿ ಒಂದು ಕಿಟಕಿ. ಕಿಟಕಿ ತೆರೆದರೆ ಕೈಗೆ ಎಟುಕುವಷ್ಟು ಹತ್ತಿರದಲ್ಲಿ ಪಕ್ಕದ ಕಟ್ಟಡದ ಗೋಡೆ. ಕೆಳಗೆ ಕಾಗದ ಕತ್ತರಿಸುವ ಯಂತ್ರ ಇಳಿದಾಗಲೆಲ್ಲ ನನ್ನ ಕುರ್ಚಿ ನಡುಗುತ್ತಿತ್ತು.

ಕಳೆದ ವರ್ಷದ ಆವೃತ್ತಿಗೆ ನಾನು ಹೊಸೆದ ಉಪಮೆಗಳಲ್ಲಿ ಒಂದು ಹೀಗಿತ್ತು:

ಬೀಗದ ಕೈಯಂತೆ ತೂಗುತಿದೆ ಚಂದ್ರ
ಆಕಾಶದ ಸೊಂಟದಲಿ;
ಯಾರ ಮನೆ ಬಾಗಿಲಿದು, ತೆರೆಯಲೊಲ್ಲದು
ಬೆಳಗಾಗುವ ತನಕ.

ಚಂದ್ರ ಉಪಮೇಯ, ಬೀಗದ ಕೈ ಉಪಮಾನ, ತೂಗುವುದು ಸಮಾನ ಧರ್ಮ, ‘ಅಂತೆ’ ಉಪಮಾವಾಚಕ. ನಾಲ್ಕೂ ಇದ್ದವು. ಮಕ್ಕಳಿಗೆ ಒಳ್ಳೆಯ ಉದಾಹರಣೆ. ಆದರೆ ಅಕ್ಕ ತನ್ನ ಪರದೆ ತೋರಿಸಿ ಕೂಗಿದಳು.

“ಕವಿ ಪರಿಚಯ ಅಂತ ಒಂದು ಚೌಕ ಇದೆ ನೋಡೇ. ಖಾಲಿ ಬಿಟ್ರೆ ಪುಟ ಬೋಳು ಬೋಳಾಗಿ ಕಾಣುತ್ತೆ. ಏನಾದ್ರೂ ತುಂಬು.”

“ಚೌಕ ತೆಗೆದುಬಿಡಕ್ಕ.”

“ತೆಗೆದ್ರೆ ಮುಂದಿನ ತೊಂಬತ್ತು ಪುಟ ಮೇಲಕ್ಕೆ ಜಾರುತ್ತೆ. ನೀನು ಕೂತು ಜೋಡಿಸ್ತೀಯಾ?”

ಟೀ ಆರುವಷ್ಟರಲ್ಲಿ ನಾಲ್ಕು ಸಾಲು ಬರೆದೆ. ‘ಒರತೆ’ ಎಂಬ ಕಾವ್ಯನಾಮದ ಈ ಕವಿ ಎಳೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡು ಗೋದಾಮಿನ ಗುಮಾಸ್ತರಾದರು. ಪ್ರಚಾರದಿಂದ ದೂರ ಉಳಿದರು. ಅವರ ಎರಡು ಸಂಕಲನಗಳೂ ಈಗ ಅಲಭ್ಯ. ಅವಿವಾಹಿತರಾಗಿಯೇ ತೀರಿಕೊಂಡರು. ಕೊನೆಯ ಸಾಲು ನೋಟಿಸಿನ ಭಯಕ್ಕೆ ಹಾಕಿದ್ದು. ಇಲ್ಲದ ಮನುಷ್ಯನಿಗೂ ಮಕ್ಕಳಿರಬಾರದು ಎಂಬ ಎಚ್ಚರ ನಮ್ಮ ಆಫೀಸಿನಲ್ಲಿ ಕೆಲಸ ಮಾಡಿದವರಿಗೆ ಮಾತ್ರ ಬರುತ್ತದೆ. ಮೇಷ್ಟ್ರು ಕೆಂಪು ಪೆನ್ನಿನಿಂದ ಇಸವಿ ತಿದ್ದಿದರು.

“ನೀನು ಕೊಟ್ಟ ಲೆಕ್ಕದಲ್ಲಿ ನಿನ್ನ ಗುಮಾಸ್ತ ಏಳನೇ ವಯಸ್ಸಿಗೆ ಮೊದಲ ಸಂಕಲನ ತಂದಿದಾನೆ. ಇಪ್ಪತ್ತು ವರ್ಷ ಹಿಂದೆ ಹುಟ್ಟಿಸಿದೀನಿ, ಪರವಾಗಿಲ್ವಾ?”

“ಹುಟ್ಟಿಸಿ ಮೇಷ್ಟ್ರೇ, ನಿಮ್ಮ ಇಷ್ಟ.”

ಹೀಗೆ ಅವನು ಹುಟ್ಟಿದ.

ಈ ವರ್ಷದ ಪರೀಕ್ಷೆ ಮುಗಿದ ಮಧ್ಯಾಹ್ನ ಯಜಮಾನರು ಪ್ರಶ್ನೆಪತ್ರಿಕೆ ಹಿಡಿದು ಮೆಟ್ಟಿಲು ಹತ್ತಿ ಬಂದರು. ಬೀಗದ ಕೈ ಎಂದಿಗಿಂತ ಜೋರಾಗಿ ಬಡಿಯುತ್ತಿತ್ತು. ಹದಿನೇಳನೆಯ ಪ್ರಶ್ನೆಯಲ್ಲಿ ನನ್ನ ನಾಲ್ಕು ಸಾಲುಗಳಿದ್ದವು. ಕೆಳಗೆ, ‘ಈ ಸಾಲುಗಳಲ್ಲಿರುವ ಅಲಂಕಾರವನ್ನು ಗುರುತಿಸಿ, ಕವಿಯ ಬದುಕಿನ ಹಿನ್ನೆಲೆಯಲ್ಲಿ ವಿವರಿಸಿ. ಐದು ಅಂಕಗಳು.’ ಪ್ರಶ್ನೆ ತೆಗೆದವರು ಯಾರೋ, ನಮ್ಮ ಗೈಡನ್ನು ಮುಂದಿಟ್ಟುಕೊಂಡೇ ತೆಗೆದಿದ್ದರು.

ಮೇಷ್ಟ್ರು ಓದುವ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

“ಏನಮ್ಮ, ನಿನ್ನ ಗುಮಾಸ್ತ ಪರೀಕ್ಷೆಗೇ ಬಂದುಬಿಟ್ನಲ್ಲ!”

“ಪಾಸಾಗ್ತಾನಾ ಕೇಳಿ,” ಎಂದಳು ಅಕ್ಕ.

“ನಗೋದಲ್ಲ ಅಕ್ಕ. ಲಕ್ಷಾಂತರ ಮಕ್ಕಳು ಇದನ್ನ ಬರೆದಿರ್ತಾರೆ. ಈ ಮನುಷ್ಯ ಇಲ್ವೇ ಇಲ್ಲ ಅಂತ ತಿಳಿಸ್ಬೇಕು.”

“ಯಾರಿಗೆ?” ಎಂದರು ಯಜಮಾನರು. ಅವರು ನಗುತ್ತಿರಲಿಲ್ಲ, ಲೆಕ್ಕ ಹಾಕುತ್ತಿದ್ದರು. “ಬರೆದ ಮಕ್ಕಳಿಗೆ ಅಂಕ ಬರುತ್ತೆ. ಕೇಳಿದವರಿಗೆ ಉತ್ತರ ಸಿಕ್ಕಿದೆ. ನಮ್ಮ ಗೈಡಿಗೆ ಹೆಸರು ಬಂತು. ಇದರಲ್ಲಿ ಯಾರಿಗಮ್ಮ ನಷ್ಟ?”

ಆ ವಾರವೇ ಹೊದಿಕೆಯ ಮೇಲೆ ಕೆಂಪು ಪಟ್ಟಿ ಅಂಟಿತು: ‘ಒರತೆ ಪ್ರಶ್ನೆ ಇದರಲ್ಲೇ ಇತ್ತು!’

ಫಲಿತಾಂಶ ಬಂದ ಹದಿನೈದು ದಿನಗಳ ಮೇಲೆ ನನಗೊಂದು ಪತ್ರ ಬಂತು. ಬಹಳ ಹಿಂದೆ ಅರ್ಜಿ ಹಾಕಿ ಮರೆತಿದ್ದ ಶಾಲೆಯೊಂದು ಭಾಷಾ ಶಿಕ್ಷಕಿಯ ಹುದ್ದೆಗೆ ಸಂದರ್ಶನಕ್ಕೆ ಕರೆದಿತ್ತು. ಗುರುವಾರ ಬೆಳಿಗ್ಗೆ ಹತ್ತು ಗಂಟೆ. ಮೂಲ ಪ್ರಮಾಣಪತ್ರಗಳಿಲ್ಲದೆ ಬಂದವರನ್ನು ಒಳಗೆ ಬಿಡುವುದಿಲ್ಲ. ಇದು ಖಾಯಂ ಕೆಲಸ. ಆರು ವರ್ಷ ನಾನು ಓದಿದ್ದು ಇದಕ್ಕೆ, ಕಾಗದದ ರೀಮುಗಳ ನಡುವೆ ಕೂತು ಅಲಂಕಾರದ ಅಳತೆಗೆ ಪದ್ಯ ಹೊಲಿಯುವುದಕ್ಕಲ್ಲ.

ಸೋಮವಾರ ಬೆಳಿಗ್ಗೆ ಪತ್ರ ಹಿಡಿದು ಯಜಮಾನರ ಮುಂದೆ ನಿಂತೆ.

“ಸರ್, ನನ್ನ ಸರ್ಟಿಫಿಕೇಟ್ ಬೇಕು. ಒಂದೇ ದಿನಕ್ಕೆ. ತೋರಿಸಿ ವಾಪಸ್ ತಂದಿಡ್ತೀನಿ.”

ಅವರು ಪತ್ರವನ್ನು ನಿಧಾನವಾಗಿ ಓದಿದರು. ಶಾಲೆಯ ಹೆಸರನ್ನೂ ವೇಳೆಯನ್ನೂ ಗುರುತು ಹಾಕಿಕೊಂಡವರಂತೆ ಇನ್ನೊಮ್ಮೆ ನೋಡಿದರು.

“ಇನ್ನೂ ನಾಲ್ಕು ತಿಂಗಳಿದೆಯಲ್ಲಮ್ಮ, ಒಪ್ಪಂದ ಮುಗಿಯೋಕೆ.”

“ಗೊತ್ತು ಸರ್. ಈ ಸಲ ತಪ್ಪಿದ್ರೆ ಆ ಶಾಲೆಯವರು ಮತ್ತೆ ಕರೆಯಲ್ಲ.”

“ನಾನೇನು ರಾಕ್ಷಸನಾ? ನಮ್ಮ ಆಫೀಸು ಅಂದ್ರೆ ಒಂದು ಮನೆ ಇದ್ದ ಹಾಗೆ. ಮನೆ ಮಗಳು ಹೋಗ್ತೀನಿ ಅಂದ್ರೆ ಕಳಿಸಿಕೊಡಲೇಬೇಕು.” ಡ್ರಾಯರಿನಿಂದ ಚೀಟಿ ತೆಗೆದರು. ಮೊದಲೇ ಬರೆದಿಟ್ಟದ್ದು. “ಒರತೆಯವರ ಸಮಗ್ರ ಕಾವ್ಯ ಬೇಕು ಅಂತ ಅಂಗಡಿಗಳಿಂದ ಒಂದೇ ಸಮನೆ ಫೋನು. ನಲವತ್ತು ಪದ್ಯ ಸಾಕು. ಬುಧವಾರ ಸಂಜೆ ಏಳಕ್ಕೆ ನಲವತ್ತು ನನ್ನ ಮೇಜಿನ ಮೇಲಿದ್ರೆ, ನಿನ್ನ ಫೈಲು ನಿನ್ನ ಕೈಲಿ. ಪೂರ್ತಿ ವಾಪಸ್. ಒಪ್ಪಂದವೂ ಹರಿದುಹಾಕ್ತೀನಿ.”

ಕಳೆದುಹೋಗಿದೆ ಎಂದು ಪೊಲೀಸರಿಗೆ ದೂರು ಕೊಟ್ಟು ನಕಲು ತರಿಸಲು ಆರು ತಿಂಗಳು ಬೇಕು. ವಕೀಲರ ಹತ್ತಿರ ಹೋದರೆ ಮೊದಲು ಕೇಳುವುದೇ ನಾನು ಸಹಿ ಹಾಕಿದ ಕಾಗದ. ಇದನ್ನೆಲ್ಲ ನಾನು ಬರುವ ದಾರಿಯಲ್ಲೇ ಯೋಚಿಸಿ ಮುಗಿಸಿದ್ದೆ. ಚೀಟಿ ತೆಗೆದುಕೊಂಡೆ. ಉಪಮೆ ಹನ್ನೆರಡು, ರೂಪಕ ಹತ್ತು, ಪ್ರಾಸ ಎಂಟು, ಉತ್ಪ್ರೇಕ್ಷೆ ಆರು, ಸಂಕೇತ ನಾಲ್ಕು.

ಹೊರಗೆ ಬಂದಾಗ ಅಕ್ಕ ಕೇಳಿದಳು, “ಏನಂದ್ರು?”

“ಆಫೀಸು ಮನೆ ಇದ್ದ ಹಾಗೆ ಅಂದ್ರು.”

“ಉಪಮೆ,” ಎಂದರು ಮೇಷ್ಟ್ರು ತಲೆ ಎತ್ತದೆ. “‘ಹಾಗೆ’ ಇದೆ. ಆಫೀಸೇ ಮನೆ ಅಂದಿದ್ರೆ ರೂಪಕ ಆಗ್ತಿತ್ತು.”

“ಎರಡೂ ಅಲ್ಲ, ಹಸಿ ಸುಳ್ಳು,” ಎಂದಳು ಅಕ್ಕ.

ಸೋಮವಾರ ಹದಿಮೂರು ಪದ್ಯ ಬರೆದೆ. ಎಲ್ಲ ಉಪಮೆ. ಉಪಮೆ ಸುಲಭ. ಎರಡು ವಸ್ತುಗಳನ್ನು ತಂದು ಎದುರುಬದುರು ಕೂರಿಸಿ ಅವಕ್ಕೆ ಏನೋ ಒಂದು ಸಂಬಂಧವಿದೆ ಎಂದುಬಿಟ್ಟರೆ ಆಯಿತು. ಇಸ್ತ್ರಿ ಮಾಡಿದ ಅಂಗಿಯಂತೆ ಬೆಳಗು, ಕೊನೆಯ ಬಸ್ಸಿನಂತೆ ಯೌವನ. ಹನ್ನೆರಡು ಮುಗಿದ ಮೇಲೂ ಕೈ ನಿಲ್ಲದೆ ಒಂದು ಹೆಚ್ಚಾಯಿತು. ಮಂಗಳವಾರ ರೂಪಕ. ಅಲ್ಲಿ ‘ಅಂತೆ’ಯ ಊರುಗೋಲಿಲ್ಲ, ಅದೇ ಇದು ಎಂದು ಧೈರ್ಯವಾಗಿ ಹೇಳಬೇಕು. ‘ಗೋಡೆಯೇ ಹಾಳೆ, ಉಗುರೇ ಲೇಖನಿ’ ಎಂದು ಒಂದು. ಪ್ರಾಸಕ್ಕೆ ಬಂದಾಗ ತಲೆ ಮರಗಟ್ಟಿತ್ತು. ‘ಗೋಡೆ ಎದ್ದಿತು ಮುಂದೆ, ಮಾಡು ಬಿದ್ದಿತು ಹಿಂದೆ.’ ಆದಿಯಲ್ಲೂ ಪ್ರಾಸ, ಅಂತ್ಯದಲ್ಲೂ ಪ್ರಾಸ, ನಡುವೆ ನಾನು. ಏನು ಬರೆಯಹೊರಟರೂ ಗೋಡೆಯೇ ಬರುತ್ತಿತ್ತು. ಬೇರೆ ಏನು ಬರಲು ಸಾಧ್ಯ? ಕಣ್ಣೆತ್ತಿದರೆ ಕಾಣುತ್ತಿದ್ದದ್ದು ಅದೊಂದೇ. ಅದರ ಸುಣ್ಣ ಎಲ್ಲೆಲ್ಲಿ ಉದುರಿದೆ, ಯಾವ ಬಿರುಕು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ನನಗೆ ಕಂಠಪಾಠವಾಗಿತ್ತು.

ಊಟದ ಹೊತ್ತಿಗೆ ಅಕ್ಕ ತನ್ನ ಡಬ್ಬಿ ತಂದು ನನ್ನ ಮೇಜಿನ ಮೇಲೆ ಕೂತಳು. “ತಿನ್ನೇ. ಕವಿಗಳು ಉಪವಾಸ ಇರ್ಬೇಕು ಅಂತ ಗೈಡಲ್ಲಿ ಬರ್ದಿಲ್ಲ.”

“ಅಕ್ಕ, ನಿನ್ನ ಸರ್ಟಿಫಿಕೇಟೂ ಆ ಬೀರುವಲ್ಲೇ ಇದ್ಯಾ?”

“ಇದೆ. ಮೊದಮೊದಲು ಪ್ರತಿ ತಿಂಗಳೂ ಕೇಳ್ತಿದ್ದೆ. ಆಮೇಲೆ ವರ್ಷಕ್ಕೊಂದು ಸಲ. ಈಗ ಕೊಟ್ರೂ ಏನ್ಮಾಡ್ಲಿ? ಅದರಲ್ಲಿರೋ ಫೋಟೋ ನೋಡಿ ಇದು ನೀನಲ್ಲ ಅಂತಾರೆ.” ಅವಳು ಡಬ್ಬಿಯ ಮುಚ್ಚಳ ನೆಕ್ಕಿ ಮುಚ್ಚಿದಳು. “ನೀನು ಸುಮ್ನೆ ಬರಿ. ಬೇಗ ಬರೆದು ಜಾಗ ಖಾಲಿ ಮಾಡು.”

ಬುಧವಾರ ಮಧ್ಯಾಹ್ನ ಮೂವತ್ತೇಳನೆಯದನ್ನು ಬರೆದೆ. ಅದು ಚೀಟಿ ನೋಡಿ ಬಂದದ್ದಲ್ಲ.

ಗೋಡೆಗೆ ಕಿಟಕಿಯಿಟ್ಟವರು
ಕಿಟಕಿಗೆ ಗೋಡೆಯಿಟ್ಟರು;
ನಡುವೆ ಉಳಿದ ಒಂದು ಮೊಳ ಗಾಳಿಗೆ
ನನ್ನ ಹೆಸರಿಟ್ಟರು.

ಚೆನ್ನಾಗಿತ್ತು. ಅದು ಚೆನ್ನಾಗಿದ್ದದ್ದಕ್ಕೆ ನನಗೆ ಸಿಟ್ಟು ಬಂತು. ಹಾಸ್ಟೆಲ್ಲಿನಲ್ಲಿ ನಾಲ್ಕು ವರ್ಷ ನೋಟುಬುಕ್ಕು ತುಂಬಿಸಿದಾಗ ಇಂಥದೊಂದು ಬಂದಿರಲಿಲ್ಲ. ಬಂದದ್ದು ಇಲ್ಲಿ, ಇನ್ನೊಬ್ಬನ ಹೆಸರಿಗೆ. ಹಾಳೆ ಹರಿದು ಚೀಲಕ್ಕೆ ಹಾಕಿಕೊಳ್ಳೋಣ ಎನ್ನಿಸಿತು. ಗಡಿಯಾರ ನೋಡಿದೆ, ಐದೂಕಾಲು. ಇನ್ನೂ ಮೂರು ಬಾಕಿ ಇದ್ದವು. ಇದನ್ನು ತೆಗೆದರೆ ನಾಲ್ಕು. ಮೇಷ್ಟ್ರಿಗೆ ತೋರಿಸಿದೆ.

ಅವರು ಕೆಂಪು ಪೆನ್ನು ಕೆಳಗಿಟ್ಟು ಓದಿದರು. ಹಾಗೆ ಅವರು ಪೆನ್ನು ಕೆಳಗಿಟ್ಟದ್ದನ್ನು ನಾನು ನೋಡಿರಲಿಲ್ಲ.

“ಇದು ಯಾವ ಅಲಂಕಾರ?”

“ಯಾವುದೂ ಅಲ್ಲ ಮೇಷ್ಟ್ರೇ. ಇದ್ದದ್ದನ್ನ ಇದ್ದ ಹಾಗೆ ಬರೆದೆ.”

“ಅದಕ್ಕೂ ಹೆಸರಿದೆಯಲ್ಲಮ್ಮ. ಸ್ವಭಾವೋಕ್ತಿ. ಇದ್ದದ್ದನ್ನ ಇದ್ದ ಹಾಗೆ ಹೇಳಿದ್ರೂ ಅಲಂಕಾರವೇ. ತಪ್ಪಿಸ್ಕೊಳ್ಳೋಕೆ ದಾರಿ ಇಟ್ಟಿಲ್ಲ ನಮ್ಮ ಹಿರಿಯರು.” ಸ್ವಲ್ಪ ಹೊತ್ತು ಹಾಳೆಯನ್ನು ಹಿಡಿದೇ ಇದ್ದರು. “ಆದ್ರೆ ಯಜಮಾನರ ಚೀಟೀಲಿ ಸ್ವಭಾವೋಕ್ತಿ ಇಲ್ಲ. ಸಂಕೇತದ ಲೆಕ್ಕಕ್ಕೆ ಹಾಕು. ಗೊತ್ತಾಗದ್ದಕ್ಕೆಲ್ಲ ಸಂಕೇತ ಅಂದ್ರೆ ಯಾರೂ ಮರುಮಾತಾಡಲ್ಲ.”

“ಇದನ್ನ ಕೊಡಲೇಬೇಕಾ?”

“ನಿಂಗೆ ಫೈಲು ಬೇಕಾ, ಪದ್ಯ ಬೇಕಾ?”

ಸಂಕೇತದ ಕೆಳಗೆ ಸೇರಿಸಿದೆ. ಉಳಿದ ಮೂರನ್ನು ಕೈಗೆ ಬಂದಂತೆ ಬರೆದೆ.

ಏಳಕ್ಕೆ ಹತ್ತು ನಿಮಿಷವಿದ್ದಾಗ ನಲವತ್ತು ಹಾಳೆಗಳನ್ನು ಯಜಮಾನರ ಮೇಜಿನ ಮೇಲಿಟ್ಟೆ. ಅವರು ಪದ್ಯ ಓದಲಿಲ್ಲ. ಮೇಲೆ ಬರೆದ ಅಲಂಕಾರದ ಹೆಸರು ನೋಡಿ ಚೀಟಿಯಲ್ಲಿ ಗೀಟು ಹಾಕುತ್ತ ಹೋದರು. ಕೊನೆಗೆ ಎದ್ದು ಬೀರು ತೆರೆದರು. ಒಳಗೆ ಮೂರು ಖಾನೆ ತುಂಬ ಫೈಲುಗಳಿದ್ದವು, ನಮ್ಮ ಮೂವರ ಫೈಲುಗಳಿಗಿಂತ ಎಷ್ಟೋ ಹೆಚ್ಚು. ಅವೆಲ್ಲ ಯಾರವು, ಅವರೆಲ್ಲ ಎಲ್ಲಿ ಹೋದರು ಎಂದು ಕೇಳಲಿಲ್ಲ. ನನ್ನ ನೀಲಿ ಫೈಲು ಹೊರಬಂತು. ಮೇಜಿನ ಮೇಲೆ ಇಟ್ಟು, ಅದರ ಮೇಲೆ ಅಂಗೈ ಊರಿದರು.

“ಇನ್ನೊಂದು ಸಣ್ಣ ಕೆಲಸ ಇದೆ.”

ಫೈಲಿನತ್ತ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ.

“ಪಠ್ಯಪುಸ್ತಕದವರು ಪತ್ರ ಬರೆದಿದಾರೆ. ಆ ಬೀಗದ ಕೈ ಪದ್ಯನ ಮುಂದಿನ ವರ್ಷದಿಂದ ಪಾಠಕ್ಕೆ ಇಡ್ತಾರಂತೆ. ಕವಿಯ ವಾರಸುದಾರರ ಒಪ್ಪಿಗೆ ಬೇಕಂತೆ.” ಟೈಪು ಮಾಡಿದ ಹಾಳೆಯೊಂದನ್ನು ನನ್ನ ಕಡೆ ತಿರುಗಿಸಿದರು. ಕವಿ ‘ಒರತೆ’ ಅವರ ಮೊಮ್ಮಗಳೂ ಏಕೈಕ ವಾರಸುದಾರಳೂ ಆದ ನಾನು, ಅವರ ಸಮಸ್ತ ಪದ್ಯಗಳ ಹಕ್ಕನ್ನು ಈ ಪ್ರಕಾಶನ ಸಂಸ್ಥೆಗೆ ಶಾಶ್ವತವಾಗಿ ಬಿಟ್ಟುಕೊಟ್ಟಿರುತ್ತೇನೆ. ಕೆಳಗೆ ನನ್ನ ಹೆಸರು, ವಿಳಾಸ, ಸಹಿಗೆ ಜಾಗ.

“ಸರ್, ಪರಿಚಯದಲ್ಲಿ ಅವಿವಾಹಿತರು ಅಂತ ಇದೆ.”

“ಅಚ್ಚಿನ ತಪ್ಪು. ಮುಂದಿನ ಮುದ್ರಣದಲ್ಲಿ ಮದುವೆ ಮಾಡಿಸ್ತೀವಿ.”

“ನಾನೇ ಬರೆದದ್ದು ಅಂತ ಸಹಿ ಹಾಕ್ತೀನಿ. ಒರತೆ ನನ್ನ ಕಾವ್ಯನಾಮ ಅಂತ. ಹಕ್ಕು ನೀವೇ ಇಟ್ಕೊಳ್ಳಿ.”

ಅವರು ನನ್ನನ್ನು ಮರುಕದಿಂದ ನೋಡಿದರು. ಅದು ನಟನೆ ಎಂದು ನನಗೆ ಅನ್ನಿಸಲಿಲ್ಲ, ಅದೇ ಹೆಚ್ಚು ಭಯ ತಂದದ್ದು.

“ಅವನು ಗೋದಾಮಲ್ಲಿ ಗುಮಾಸ್ತನಾಗಿದ್ದ, ಆ ಕಷ್ಟದಿಂದಲೇ ಚಂದ್ರ ಅವನಿಗೆ ಬೀಗದ ಕೈ ತರ ಕಂಡ ಅಂತ ಅಷ್ಟು ಮಕ್ಕಳು ಬರೆದು ಅಂಕ ತಗೊಂಡಿದಾರೆ. ಈಗ ಹೋಗಿ ಅವನು ಹುಟ್ಟೇ ಇಲ್ಲ ಅನ್ನು. ಪರೀಕ್ಷೆ ರದ್ದಾದ್ರೆ ಅವರ ಅಪ್ಪ ಅಮ್ಮಂದಿರು ಯಾರ ಮನೆ ಬಾಗಿಲಿಗೆ ಬರ್ತಾರೆ? ಹಸ್ತಪ್ರತಿ ನಿನ್ನ ಕೈಬರಹದಲ್ಲಿದೆ. ಯಾವ ಶಾಲೆ ನಿನ್ನನ್ನ ಒಳಗೆ ಬಿಡುತ್ತೆ?” ಅಂಗೈ ಫೈಲಿನ ಮೇಲೇ ಇತ್ತು. “ನಾಳೆ ಹತ್ತು ಗಂಟೆಗಲ್ವಾ ಇಂಟರ್ವ್ಯೂ?”

ಸಾಕ್ಷಿಗೆಂದು ಮೇಷ್ಟ್ರನ್ನು ಕರೆದರು. ಅವರು ಬಂದು, ಹಾಳೆ ಓದಿ, ಅಭ್ಯಾಸಬಲದಿಂದ ಎರಡು ಕಡೆ ಕೆಂಪು ಪೆನ್ನಿನಿಂದ ಅಕ್ಷರ ತಿದ್ದಿದರು. ಹಾಗಾಗಿ ಅಕ್ಕ ಅದನ್ನು ಮತ್ತೊಮ್ಮೆ ಟೈಪು ಮಾಡಿ ತರಬೇಕಾಯಿತು. ಆ ಏಳೆಂಟು ನಿಮಿಷದಲ್ಲಿ ನಾನು ಎದ್ದು ಹೋಗಬಹುದಿತ್ತು. ಬಾಗಿಲು ತೆರೆದೇ ಇತ್ತು. ಮೆಟ್ಟಿಲಿಳಿದು ಬೀದಿಗೆ ಹೋಗಿ, ಅಲ್ಲಿಂದ ಬಾಡಿಗೆ ಕೋಣೆಗೆ ಹೋಗಿ, ನಾಳೆ ಮತ್ತೆ ಒಂಬತ್ತಕ್ಕೆ ಇಲ್ಲಿಗೇ ಬರಬಹುದಿತ್ತು. ಮೇಷ್ಟ್ರು ನನ್ನ ಮುಖ ನೋಡಲಿಲ್ಲ. ಅಕ್ಕ ಹಾಳೆ ತಂದು ಮೇಜಿನ ಮೇಲೆ ಎಸೆದು ಹೋದಳು.

ಸಹಿ ಹಾಕಿದೆ. ಮೇಷ್ಟ್ರೂ ಹಾಕಿದರು.

ಯಜಮಾನರು ಹಳೆಯ ಒಪ್ಪಂದವನ್ನು ನನ್ನ ಕಣ್ಣೆದುರೇ ನಾಲ್ಕು ತುಂಡು ಮಾಡಿ ಬುಟ್ಟಿಗೆ ಹಾಕಿದರು. ಹೊಸ ಹಾಳೆಯನ್ನು ಪ್ಲಾಸ್ಟಿಕ್ ಹಾಳೆಯೊಳಗೆ ಜಾರಿಸಿ, ನನ್ನ ಫೈಲು ಇದ್ದ ಸಂದಿನಲ್ಲಿ ನಿಲ್ಲಿಸಿ ಬೀಗ ಹಾಕಿದರು. “ಒಳ್ಳೇದಾಗ್ಲಿ ಮಗಳೇ,” ಎಂದರು.

ಗುರುವಾರ ಹತ್ತಕ್ಕೆ ಮೊದಲೇ ಶಾಲೆ ಮುಟ್ಟಿದೆ. ಆಗಷ್ಟೇ ಒರೆಸಿದ ಉದ್ದನೆಯ ಮೊಗಸಾಲೆ, ಗೋಡೆಗೆ ಒರಗಿಸಿದ ಬೆಂಚಿನ ಮೇಲೆ ನನ್ನ ಹಾಗೆ ತೊಡೆಯ ಮೇಲೆ ಫೈಲಿಟ್ಟುಕೊಂಡ ಐದು ಜನ. ಒಬ್ಬಾಕೆ ತುಟಿಯಲ್ಲೇ ಏನೋ ಒಪ್ಪಿಸಿಕೊಳ್ಳುತ್ತಿದ್ದಳು. ನನ್ನನ್ನು ಮೂರನೆಯವಳಾಗಿ ಕರೆದರು.

ಒಳಗೆ ಮುಖ್ಯೋಪಾಧ್ಯಾಯಿನಿ, ಒಬ್ಬರು ಹಿರಿಯ ಶಿಕ್ಷಕರು, ಒಬ್ಬ ಗುಮಾಸ್ತ. ಗುಮಾಸ್ತ ನನ್ನ ಮೂಲಪತ್ರಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು, ನಕಲುಗಳ ಜೊತೆ ಹೋಲಿಸಿ, “ಎಲ್ಲ ಸರಿ ಇದೆ ಮೇಡಂ” ಎಂದು ನನಗೇ ಹಿಂದಿರುಗಿಸಿದ. ಇಪ್ಪತ್ತು ತಿಂಗಳ ಮೇಲೆ ಅವು ನನ್ನ ತೊಡೆಯ ಮೇಲಿದ್ದವು. ಪ್ರಶ್ನೆಗೆ ಕಾದೆ. ನಿರೂಪಣೆಯ ದೃಷ್ಟಿಕೋನಗಳನ್ನು ಹೇಳು ಎನ್ನಬಹುದು. ವ್ಯಂಗ್ಯಕ್ಕೂ ವಿಡಂಬನೆಗೂ ವ್ಯತ್ಯಾಸ ಕೇಳಬಹುದು. ಏನು ಕೇಳಿದರೂ ಉತ್ತರವಿತ್ತು.

ಮುಖ್ಯೋಪಾಧ್ಯಾಯಿನಿ ಕನ್ನಡಕ ತೆಗೆದು ನಕ್ಕರು.

“ಇದನ್ನ ಅರ್ಜಿಯಲ್ಲಿ ಯಾಕೆ ಬರೀಲಿಲ್ಲ ನೀವು?”

“ಯಾವುದನ್ನ ಮೇಡಂ?”

“ನಿಮ್ಮ ತಾತನ ವಿಷಯ! ಬೆಳಿಗ್ಗೆ ನಿಮ್ಮ ಪ್ರಕಾಶಕರು ಫೋನ್ ಮಾಡಿ ಹೇಳಿದ್ರು. ಒರತೆಯವರ ಮೊಮ್ಮಗಳು ನಮ್ಮ ಶಾಲೆಗೆ ಬಂದಿದಾಳೆ, ನಮಗೇ ಗೊತ್ತಿಲ್ಲ ಅಂದ್ರೆ!”

“ನಮ್ಮ ಮಕ್ಕಳು ಈ ಸಲ ಆ ಪ್ರಶ್ನೆಗೆ ಐದಕ್ಕೆ ಐದು ತಗೊಂಡಿದಾರೆ,” ಎಂದರು ಹಿರಿಯ ಶಿಕ್ಷಕರು. “ನಾನು ಮೊದಲಿಂದಲೂ ಹೇಳ್ತಿದ್ದೆ. ಒರತೆಯವರನ್ನ ವಿಮರ್ಶಕರು ಬೇಕಂತಲೇ ಕಡ್ಗಣಿಸಿದ್ರು.”

ಮೂವರೂ ನನ್ನನ್ನೇ ನೋಡುತ್ತಿದ್ದರು. ಹೊರಗೆ ಮೂವರು ಇನ್ನೂ ಕಾಯುತ್ತಿದ್ದರು. ಇಲ್ಲ ಎನ್ನಲು ಒಂದು ಉಸಿರಿನಷ್ಟು ಹೊತ್ತಿತ್ತು. ಇಲ್ಲ ಎಂದರೆ ಮುಂದಿನ ಪ್ರಶ್ನೆ, ಹಾಗಾದರೆ ಆ ಸಹಿ ಯಾರದು.

“ತಾತ ಪ್ರಚಾರ ಇಷ್ಟಪಡ್ತಿರಲಿಲ್ಲ ಮೇಡಂ,” ಎಂದೆ.

ಮುಖ್ಯೋಪಾಧ್ಯಾಯಿನಿ ಸಂತೋಷದಿಂದ ತಲೆಯಾಡಿಸಿದರು. “ಮನೇಲಿ ಹೇಗಿರ್ತಿದ್ರು?”

ಅಮ್ಮನ ಅಪ್ಪ ನೆನಪಾದ. ನನಗೆ ಗೊತ್ತಿದ್ದ ತಾತ ಅವನೊಬ್ಬನೇ. ಧಾನ್ಯದ ಗೋದಾಮಿನಲ್ಲಿ ಮೂವತ್ತೆಂಟು ವರ್ಷ ಮೂಟೆ ಹೊತ್ತವನು. ಹೆಬ್ಬೆಟ್ಟು ಒತ್ತುತ್ತಿದ್ದ. ಬಾಯಿ ತೆರೆದರೆ ಬೈಗುಳ. ನಾನೊಮ್ಮೆ ಕಥೆ ಓದಿ ಹೇಳಿದಾಗ ಎರಡನೇ ಪುಟಕ್ಕೆ ಗೊರಕೆ ಹೊಡೆದಿದ್ದ.

“ಮಾತು ಕಡಿಮೆ,” ಎಂದೆ. “ನೆಲದ ಮೇಲೇ ಮಲಗ್ತಿದ್ರು. ಬೆನ್ನುನೋವು ಇತ್ತು.”

“ಬರೆದೂ ಬರೆದೂ,” ಎಂದರು ಹಿರಿಯ ಶಿಕ್ಷಕರು. ಜೇಬಿನಿಂದ ಸಣ್ಣ ಪುಸ್ತಕ ತೆಗೆದು ಗುರುತು ಮಾಡಿಕೊಂಡರು.

“ಸೋಮವಾರ ಬಂದು ಸೇರಿಕೊಳ್ಳಿ,” ಎಂದರು ಮುಖ್ಯೋಪಾಧ್ಯಾಯಿನಿ. “ಹೊರಗಿರೋರನ್ನ ಸುಮ್ನೆ ಕಾಟಾಚಾರಕ್ಕೆ ನೋಡಿ ಕಳಿಸ್ತೀವಿ. ಮುಂದಿನ ವರ್ಷದಿಂದ ಅವರ ಪದ್ಯ ಪಾಠಕ್ಕಿದೆಯಂತೆ, ನೀವೇ ಮಾಡ್ಬೇಕು. ಅವರ ಹುಟ್ಟಿದ ದಿನ ಪ್ರತಿ ವರ್ಷ ಮಕ್ಕಳ ಮುಂದೆ ಅವರ ಬಗ್ಗೆ ಮಾತಾಡ್ಬೇಕು. ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತೆ, ಅಲ್ವಾ? ಆಮೇಲೆ ಆ ಗೈಡಲ್ಲಿ ಫೋಟೋನೇ ಇಲ್ಲ. ನಿಮ್ಮ ಮನೇಲಿ ಇರ್ಬೇಕಲ್ಲ? ದೊಡ್ಡದು ಮಾಡಿಸಿ ಸ್ಟಾಫ್ ರೂಮಲ್ಲಿ ಹಾಕೋಣ.”

ಮನೆಯಲ್ಲಿ ಒಂದೇ ಒಂದಿತ್ತು. ಗೋದಾಮಿನ ಪಾಸಿಗೆ ತೆಗೆಸಿದ್ದು. ಎದೆಯ ಹತ್ತಿರ ಎರಡೂ ಕೈಯಲ್ಲಿ ತನ್ನ ಹಮಾಲಿ ನಂಬರಿನ ಹಲಗೆ ಹಿಡಿದು ಅವನು ಕ್ಯಾಮೆರಾವನ್ನು ದುರುಗುಟ್ಟಿ ನೋಡುತ್ತಿದ್ದ.

“ಒಂದಿದೆ ಮೇಡಂ,” ಎಂದೆ. “ಕೆಳಗಿನ ಅರ್ಧ ಕತ್ತರಿಸಬೇಕು.”